ನಾನು ಆಡಲ್ಲ, ನೀವು ಆಡ್ರಿ

ಹೋದ ದೀಪಾವಳಿಯ ಪಾಡ್ಯದ ದಿನ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ತವರುಮನೆಯಲ್ಲಿ ಹದಿಮೂರು ಜನ ಸೇರಿದ್ದೆವು. ಊಟ ಆಗಿತ್ತು. ಎಲೆ ಅಡಿಕೆ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ನಮ್ಮ ಸೋದರತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಅವರಿಗೆ ಈಗ 78 ವರ್ಷ. ಯಾರೋ ಪಟಾಕಿ ಸದ್ದಿನ ಬಗ್ಗೆ ಏನೋ ಅಂದರು. ಅದಕ್ಕೆ ಅತ್ತೆ, "ಆಗ ಊರಿಗೆಲ್ಲ ಕೇಳ್ತಿದ್ದ ಸದ್ದು ಅಂದ್ರೆ ಮಿಲ್ಲಿನ ಸೈರನ್ನು. ನಮ್ಮಪ್ಪಂಗೆ ಬುತ್ತಿ ಒಯ್ಯೋಳು ನಾನೇ. ಒಂದಿನ ಏನಾತು ಅಂದ್ರೆ..." ಎಂದು ಶುರು ಮಾಡಿದರು.

ಅಷ್ಟರಲ್ಲಿ ನನ್ನ ತಮ್ಮ ಬೆಂಗಳೂರಿನಿಂದ ತಂದಿದ್ದ ಡಬ್ಬಿ ಹಿಡಿದುಕೊಂಡು ಒಳಕೋಣೆಯಿಂದ ಬಂದ. "ಅತ್ತೆ, ಅದನ್ನ ಆಮೇಲೆ ಹೇಳ್ರಿ. ಎಲ್ಲರೂ ಸೇರೀವಿ, ಒಂದು ಆಟ ಆಡಾಣ" ಅಂದ.

ಅವನು ಕೆಟ್ಟವನಲ್ಲ. ಪ್ರೀತಿಯಿಂದಲೇ ತಂದಿದ್ದ. ಡಬ್ಬಿಗೆ ಮೂರು ಸಾವಿರಕ್ಕೂ ಜಾಸ್ತಿ ಕೊಟ್ಟಿದ್ದನಂತೆ. ಅತ್ತೆ ನಕ್ಕು ಸುಮ್ಮನಾದರು. ಚಾಚಿದ್ದ ಕಾಲು ಮಡಚಿಕೊಂಡರು, ಬೋರ್ಡ್ ಹಾಸಲು ಜಾಗ ಬೇಕಿತ್ತಲ್ಲ. ಆ ಕಾಲು ಮಡಚಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಬೋರ್ಡ್ ಗೇಮ್ ಇಷ್ಟವಿಲ್ಲ. ಹಬ್ಬಕ್ಕೆ, ಮದುವೆ ಮನೆಗೆ, ಗೆಳತಿಯರ ಮನೆಗೆ ಹೋದಾಗಂತೂ ಬೇಡವೇ ಬೇಡ. ಹೀಗಂದರೆ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. "ಸೋಲ್ತೀನಿ ಅಂತ ಭಯನಾ?" ಅನ್ನುತ್ತಾರೆ. "ಯಾಕೆ, ಯಾರ ಮೇಲೆ ಮುನಿಸು?" ಅನ್ನುತ್ತಾರೆ. ಭಯವೂ ಇಲ್ಲ, ಮುನಿಸೂ ಇಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಒಂದೇ ಸೂರಿನಡಿ ಸೇರುವ ಜನ ನಾವು. ಆ ಎರಡು ಗಂಟೆ ನನಗೆ ಅವರ ಮುಖ ಬೇಕು, ಮಾತು ಬೇಕು.

ತಮ್ಮ ತಂದದ್ದು ಜರ್ಮನಿಯಲ್ಲಿ 1995ರಲ್ಲಿ ಬಂದ ಕಟಾನ್ ಎಂಬ ಆಟ. ಒಂದು ದ್ವೀಪದಲ್ಲಿ ರಸ್ತೆ, ಊರು ಕಟ್ಟುತ್ತಾ ಹೋಗಬೇಕು. ಮೊದಲು ಹತ್ತು ಅಂಕ ಮಾಡಿದವರು ಗೆದ್ದಂತೆ. ಮೂರು ನಾಲ್ಕು ಜನರಿಗೆ ಮಾಡಿದ ಆಟ ಅದು. ನಾವಿದ್ದದ್ದು ಹದಿಮೂರು. ಹಾಗಾಗಿ ಗುಂಪು ಮಾಡಿದರು. ನಿಯಮ ಹೇಳುವುದಕ್ಕೇ ಅರ್ಧ ಗಂಟೆ ಆಯಿತು. ದೊಡ್ಡಪ್ಪ ಎರಡು ಸಲ ಆಕಳಿಸಿದರು. ಅಮ್ಮನಿಗೆ ಕನ್ನಡಕ ಹಾಕಿಕೊಂಡರೂ ಕಾರ್ಡಿನ ಚಿತ್ರ ಸರಿಯಾಗಿ ಕಾಣುತ್ತಿರಲಿಲ್ಲ. ಪಾಪ, ಮಗ ಬೇಜಾರು ಮಾಡಿಕೊಂಡಾನು ಅಂತ "ಹೂಂ ಹೂಂ" ಅನ್ನುತ್ತಿದ್ದರು.

ಆ ಆಟದಲ್ಲಿ ಮರ, ಇಟ್ಟಿಗೆ, ಗೋಧಿ, ಕುರಿ, ಅದಿರು ಎಂದು ಕಾರ್ಡುಗಳಿವೆ. ಅದಲು ಬದಲು ಮಾಡಿಕೊಳ್ಳಬೇಕು. "ಒಂದು ಕುರಿ ಕೊಡ್ರಿ, ಇಟ್ಟಿಗೆ ಕೊಡ್ತೀನಿ" ಎಂದು ಪಡಸಾಲೆ ತುಂಬ ಗದ್ದಲ. ನಮ್ಮ ಅತ್ತೆಯ ಗಂಡನ ಮನೆ ಚಳ್ಳಕೆರೆ ಕಡೆ. ಕುರಿ ಸಾಕಿದ ಮನೆತನ. ಕಂಬಳಿಗೆ ಹೆಸರಾದ ಊರು ಅದು. ಯಾವ ತಿಂಗಳಲ್ಲಿ ಉಣ್ಣೆ ಕತ್ತರಿಸಬೇಕು, ಮಳೆಗಾಲದಲ್ಲಿ ಮರಿಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎನ್ನುವುದೆಲ್ಲ ಅವರಿಗೆ ಗೊತ್ತು. ರಟ್ಟಿನ ಕುರಿಗಾಗಿ ಮಕ್ಕಳು ಚೌಕಾಸಿ ಮಾಡುವುದನ್ನು ಅವರು ಒಂದಷ್ಟು ಹೊತ್ತು ನೋಡಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಆಮೇಲೆ ಎದ್ದು ಅಡುಗೆಮನೆಗೆ ಹೋದರು.

ಅತ್ತೆ ಎದ್ದಿದ್ದು ನಾನು ನೋಡಿದ ಹಾಗೆ ಬೇರೆ ಯಾರೂ ನೋಡಲಿಲ್ಲ.

ನನ್ನ ಈ ಸ್ವಭಾವ ಇವತ್ತಿನದಲ್ಲ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ದುರ್ಗಕ್ಕೆ, ಅಮ್ಮನ ತಾಯಿಯ ಮನೆಗೆ ಹೋಗುತ್ತಿದ್ದೆವು. ಬಂಡೆಗಳ ಊರು, ಮಧ್ಯಾಹ್ನ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ. ಕಾಯಿಗೆ ಬಳೆ ಚೂರು, ಹುಣಸೆ ಬೀಜ, ಬೆಣಚುಕಲ್ಲು, ಪೊರಕೆ ಕಡ್ಡಿ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಕಾಯಿ ಸುತ್ತು ಹಾಕಿ ನಡುಮನೆ ಸೇರಿದರೆ ಹಣ್ಣಾಯಿತು ಅನ್ನುತ್ತಾರೆ. ಆ ಮಾತು ಮಾತ್ರ ನನಗೆ ಇವತ್ತಿಗೂ ಇಷ್ಟ. ಕಾಯಿ ಹಣ್ಣಾಗುವುದು.

ಆದರೆ ಅದರಲ್ಲೊಂದು ನಿಯಮ ಇದೆ. ಬೇರೆಯವರದ್ದು ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ನನಗಾಗ ಒಂಬತ್ತು ವರ್ಷ, ತಂಗಿಗೆ ಆರು. ಅವಳ ಬಳೆ ಚೂರು ಮೂರು ಮನೆ ಮುಂದಿತ್ತು. ಹಿಂದಿನ ಸಲ ಯಾರೋ ಕಡಿದಾಗ ಅವಳ ಗಂಟಲು ಉಬ್ಬಿ ಬಂದದ್ದು ನಾನು ನೋಡಿದ್ದೆ. ನನಗೆ ಮೂರು ಬಿತ್ತು. ನಾನು ಬೇರೆ ಕಾಯಿ ನಡೆಸಿದೆ. ದೊಡ್ಡಮ್ಮನ ಮಗ ಬಿಡಲಿಲ್ಲ. "ಕಡಿ, ಕಡಿ" ಅಂದ. ಎಲ್ಲರೂ ಕೂಗಿದರು. ಆಡೋಕೆ ಬರಲ್ಲ ಇವಳಿಗೆ, ಎಬ್ಬಿಸಿ ಅಂದರು. ನಾನು ಕಡಿದೆ. ತಂಗಿ ಅತ್ತಳು. "ಆಟ ಅಂದ್ಮೇಲೆ ಅಷ್ಟೇ" ಎಂದು ಎಲ್ಲರೂ ಅಂದರು.

ಅಷ್ಟೇ ಅಂತ ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಹೊಡೆದು ಖುಷಿಪಡಬೇಕು ಎಂದು ಒತ್ತಾಯ ಮಾಡುವುದು ನನಗೆ ಒಗ್ಗುವುದಿಲ್ಲ. ಖುಷಿಪಡುವವರು ಪಡಲಿ. ಅವರ ಮನಸ್ಸು ಬೇರೆ, ನನ್ನ ಮನಸ್ಸು ಬೇರೆ.

ಲೂಡೋ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುವಾಗ ದಾಳದ ಲೆಕ್ಕ ಬಂದೇ ಬರುತ್ತದೆ. ಲೂಡೋದಲ್ಲಿ ಆರು ಬೀಳದೆ ಕಾಯಿ ಮನೆಯಿಂದ ಹೊರಗೆ ಬರುವುದಿಲ್ಲ. ಒಂದು ಸಲ ಎಸೆದಾಗ ಆರು ಬೀಳದಿರುವ ಸಾಧ್ಯತೆ 6ರಲ್ಲಿ 5. ಅದನ್ನು ಹತ್ತು ಸಲ ಗುಣಿಸಿ. ಮೊದಲ ಹತ್ತು ಸರದಿಯಲ್ಲೂ ಒಮ್ಮೆಯೂ ಆರು ಬೀಳದಿರುವ ಸಾಧ್ಯತೆ 100ಕ್ಕೆ ಸುಮಾರು 16. ಇದು ಒಬ್ಬರ ಲೆಕ್ಕ. ನಾಲ್ಕು ಜನ ಆಡುವಾಗ ಅವರಲ್ಲಿ ಒಬ್ಬರಾದರೂ ಹೀಗೆ ಹತ್ತು ಸರದಿ ಸುಮ್ನೆ ಕೂರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. ಅಂದರೆ ಎರಡು ಆಟ ಆಡಿದರೆ ಒಂದರಲ್ಲಿ ಯಾರೋ ಒಬ್ಬರು ದಾಳ ಎಸೆಯುವುದು, ಮುಂದಿನವರಿಗೆ ಕೊಡುವುದು, ಇಷ್ಟನ್ನೇ ಮಾಡುತ್ತಾ ಇರುತ್ತಾರೆ. ಎದ್ದು ಹೋಗುವ ಹಾಗಿಲ್ಲ. ಪಕ್ಕದವರ ಜೊತೆ ಮಾತಾಡಿದರೆ "ನಿಮ್ಮ ಸರದಿ, ನಿಮ್ಮ ಸರದಿ" ಎಂದು ಎಚ್ಚರಿಸುತ್ತಾರೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ಒಬ್ಬ ಹುಡುಗಿ, "ಮಿಸ್, ನಮ್ಮನೇಲಿ ಯಾವಾಗಲೂ ಅದು ನಾನೇ" ಅಂದಳು. ಯಾವಾಗಲೂ ಆಗಲಿಕ್ಕಿಲ್ಲ. ಆದರೆ ಅವಳಿಗೆ ನೆನಪಿರುವುದು ಅದೇ.

ಇನ್ನು ಬಿಸಿನೆಸ್ ಆಟ. ಮುಂಬಯಿ, ದಿಲ್ಲಿ, ಕಲ್ಕತ್ತ ಕೊಂಡುಕೊಂಡು ಬಾಡಿಗೆ ಎತ್ತುವುದು. ಅದಕ್ಕೆ ಮೂಲ ಅಮೆರಿಕದ ಮೊನೊಪೊಲಿ. ಅದಕ್ಕೂ ಮೊದಲು ಲಿಜ್ಜಿ ಮೇಗಿ ಎನ್ನುವ ಹೆಂಗಸು ಹೀಗೇ ಇರುವ ಒಂದು ಆಟ ಮಾಡಿ 1904ರಲ್ಲಿ ಪೇಟೆಂಟ್ ಪಡೆದಿದ್ದಳು. ಜಮೀನು ಇರುವವರು ಬಾಡಿಗೆ ಕಟ್ಟುವವರನ್ನು ಹೇಗೆ ಬರಿದು ಮಾಡುತ್ತಾರೆ ಎಂದು ತೋರಿಸುವುದಕ್ಕೆ ಅವಳು ಆ ಆಟ ಮಾಡಿದ್ದು. ಇದನ್ನು ಓದಿದ ದಿನ ನನಗೆ ಸಮಾಧಾನ ಆಯಿತು. ಬೇಸರ ಬರಲಿ ಎಂದೇ ಮಾಡಿದ ಆಟದಲ್ಲಿ ನನಗೆ ಬೇಸರ ಬಂದಿತ್ತು! ಮೊದಲು ದಿವಾಳಿಯಾದವರು ಕೊನೆಯವರೆಗೂ ಗೋಡೆ ನೋಡುತ್ತಾ ಕೂರಬೇಕು. ನಮ್ಮ ಮನೆಯಲ್ಲಿ ಹಾಗೆ ಕೂತವರು ಹೆಚ್ಚಾಗಿ ಅಪ್ಪ. ಮಕ್ಕಳಿಗೆ ಬಾಡಿಗೆ ಬಿಟ್ಟುಬಿಡುತ್ತಿದ್ದರು, ಅದಕ್ಕೇ ದಿವಾಳಿ.

ನಮ್ಮ ಹಳೆಯ ಆಟಗಳನ್ನೂ ಬೇಡ ಅಂತೀಯಾ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳೆಂದರೆ ಪ್ರಾಣ. ಚದುರಂಗದ 64 ಮನೆಗಳಲ್ಲೂ ಕುದುರೆಯನ್ನು ಒಂದೊಂದೇ ಸಲ ನಡೆಸುವ ಲೆಕ್ಕ ಅವರಿಗೆ ಕರಗತ. ಹಂಪಿಗೆ ಹೋದರೆ ಮಂಟಪಗಳ ನೆಲದಲ್ಲಿ ಆಟದ ಮನೆ ಕೊರೆದಿರುವುದು ಕಾಣುತ್ತದೆ. ಇದೆಲ್ಲ ನನಗೆ ಗೊತ್ತು, ನೋಡಿದರೆ ಸಂತೋಷವೂ ಆಗುತ್ತದೆ. ಆಟ ಕೆಟ್ಟದ್ದು ಎಂದು ನಾನು ಯಾವತ್ತೂ ಹೇಳಿಲ್ಲ. ದುರ್ಗದ ಅಜ್ಜಿ ಮತ್ತು ಅವರ ನಾದಿನಿ ಮಧ್ಯಾಹ್ನ ಅಳಗುಳಿಮಣೆ ಇಟ್ಟುಕೊಂಡು ಕೂರುತ್ತಿದ್ದರು. ಹದಿನಾಲ್ಕು ಗುಳಿ, ಹುಣಸೆ ಬೀಜ. ಕೈ ಅದರ ಪಾಡಿಗೆ ಬೀಜ ಹಂಚುತ್ತಾ ಹೋಗುತ್ತಿತ್ತು. ಬಾಯಿ ಮಾತಾಡುತ್ತಲೇ ಇರುತ್ತಿತ್ತು. ಯಾರ ಮನೆಯಲ್ಲಿ ಬಾಣಂತನ, ಯಾರ ಹೊಲಕ್ಕೆ ಮಳೆ ಬಂತು, ಯಾವ ಸೊಸೆ ತವರಿಂದ ಇನ್ನೂ ವಾಪಸ್ ಬಂದಿಲ್ಲ. ಮಧ್ಯದಲ್ಲಿ ಮಾತು ಗಟ್ಟಿಯಾದರೆ ಆಟ ಅಲ್ಲೇ ನಿಲ್ಲುತ್ತಿತ್ತು. ಯಾರೂ ಗೆದ್ದವರು ಯಾರು ಅಂತ ಕೇಳುತ್ತಿರಲಿಲ್ಲ. ಅದರ ಪಕ್ಕ ಮಲಗಿ ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ.

ನಾಲ್ಕು ವರ್ಷದ ಹಿಂದೆ ಇನ್ನೊಂದು ಆಯಿತು. ಕಾಲೇಜಿನ ಹಳೆಯ ಗೆಳತಿಯರು ಹನ್ನೊಂದು ಜನ ಇಪ್ಪತ್ತು ವರ್ಷದ ಮೇಲೆ ಸೇರಿದ್ದೆವು. ಬೆಳಿಗ್ಗೆ ಬೆಣ್ಣೆದೋಸೆ ತಿಂದು, ಗಾಜಿನ ಮನೆ ನೋಡಿ, ಒಬ್ಬಳ ಮನೆಯಲ್ಲಿ ಮಧ್ಯಾಹ್ನದ ಊಟ. ಆ ಮನೆಯವಳು ತುಂಬ ಆಸೆಯಿಂದ ಎಲ್ಲ ತಯಾರಿ ಮಾಡಿದ್ದಳು. ತಂಬೋಲ, ಅದಾದ ಮೇಲೆ ಮತ್ತೊಂದು ಆಟ, ಅದಾದ ಮೇಲೆ ಇನ್ನೊಂದು. ಗೆದ್ದವರಿಗೆ ಸ್ಟೀಲ್ ಡಬ್ಬಿ. ನನ್ನ ಪಕ್ಕದಲ್ಲಿ ಕೂತವಳು ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು. ಇಬ್ಬರೂ ತಲೆ ಬಗ್ಗಿಸಿ ಚೀಟಿಯಲ್ಲಿ ಅಂಕಿ ಹೊಡೆದೆವು. ಅವಳಿಗೆ ಒಂದು ಡಬ್ಬಿಯೂ ಬಂತು. ಸಂಜೆ ಐದಕ್ಕೆ ಎಲ್ಲರಿಗೂ ಬಸ್ಸು. ಮಾರನೆಯ ದಿನ ವಾಟ್ಸಾಪ್‌ನಲ್ಲಿ ಅವಳು ಬರೆದಳು, ಆರು ತಿಂಗಳ ಹಿಂದೆ ಅವಳಿಗೆ ದೊಡ್ಡ ಆಪರೇಷನ್ ಆಗಿತ್ತಂತೆ. "ನಿನಗೆ ಹೇಳಬೇಕು ಅಂತ ಬಂದಿದ್ದೆ ಕಣೆ, ಹೊತ್ತೇ ಸಿಗಲಿಲ್ಲ" ಎಂದು. ಪಕ್ಕದಲ್ಲೇ ಮೂರು ಗಂಟೆ ಕೂತಿದ್ದೆ. ಅವಳ ಕೈಗೆ ನನ್ನ ಕೈ ತಾಗುತ್ತಿತ್ತು. ಈ ನೋವು ನನಗೆ ಇನ್ನೂ ಹೋಗಿಲ್ಲ.

ಮಾತಿಗೆ ಒಂದಿಷ್ಟು ಖಾಲಿ ಹೊತ್ತು ಬೇಕು. ಮೊದಲ ಹತ್ತು ನಿಮಿಷ ಬಿಸಿಲು, ಬೆಲೆ, ಮಕ್ಕಳ ಮಾರ್ಕ್ಸು. ಆಮೇಲೆ ಸ್ವಲ್ಪ ಮೌನ. ಆ ಮೌನ ಆದ ಮೇಲೇ ಒಬ್ಬರು ನಿಧಾನಕ್ಕೆ ಬಾಯಿ ಬಿಡುತ್ತಾರೆ. ಆದರೆ ಆ ಮೌನ ಕಂಡರೇ ಈಗಿನವರಿಗೆ ಗಾಬರಿ. ಬೋರ್ ಆಗ್ತಿದೆ ಅಂತ ತಿಳಿದು ಡಬ್ಬಿ ತೆಗೆಯುತ್ತಾರೆ.

ದೀಪಾವಳಿಯ ದಿನಕ್ಕೆ ವಾಪಸ್ ಬರುತ್ತೇನೆ. ನನ್ನನ್ನು ದೊಡ್ಡಪ್ಪನ ಗುಂಪಿಗೆ ಹಾಕಿದ್ದರು. ನಾನು ಎದ್ದು, "ನಾನು ಆಡಲ್ಲ, ನೀವು ಆಡ್ರಿ" ಅಂದೆ. ನಲವತ್ತಾರು ವರ್ಷದಲ್ಲಿ ಅದನ್ನು ಹಾಗೆ ನೇರವಾಗಿ ಹೇಳಿದ್ದು ಮೊದಲ ಸಲ. ಯಾವಾಗಲೂ ತಲೆನೋವು ಅಂತಲೋ ಪಾತ್ರೆ ತೊಳೆಯಬೇಕು ಅಂತಲೋ ನೆಪ ಹೇಳುತ್ತಿದ್ದೆ. ತಮ್ಮನ ಹೆಂಡತಿಯ ಮುಖ ಸಣ್ಣದಾಯಿತು. "ಅಕ್ಕಂಗೆ ಯಾವಾಗಲೂ ಹಿಂಗೇ" ಎಂದು ತಮ್ಮ ಅಂದ. ನನಗೆ ಬೇಜಾರಾಯಿತು, ಆದರೂ ಹೋದೆ.

ಅಡುಗೆಮನೆಯಲ್ಲಿ ಅತ್ತೆ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಂಜೆಗೆ ಒಗ್ಗರಣೆ ಮಂಡಕ್ಕಿ ಮಾಡುವುದಿತ್ತು. "ಯಾಕೆ ತಾಯಿ, ಆಟ ಮುಗೀತಾ?" ಅಂದರು. ಇಲ್ಲ ಅಂದೆ. ಮೊರ ಎಳೆದುಕೊಂಡು ಎದುರಿಗೆ ಕೂತು ಮಂಡಕ್ಕಿ ಆರಿಸಲು ಶುರು ಮಾಡಿದೆ. "ಒಂದಿನ ಏನಾತು ಅಂದ್ರೆ ಅಂದ್ರಲ್ಲ, ಏನಾತತ್ತೆ?" ಎಂದು ಕೇಳಿದೆ.

ಅವರು ಹೇಳಿದ್ದು ಇದು. ಅವರಿಗಾಗ ಹತ್ತು ವರ್ಷ. ನಮ್ಮಜ್ಜ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದರು. ಮನೆಗೆ ಬಂದರೆ ಹುಬ್ಬಿನ ಮೇಲೂ ಹತ್ತಿಯ ಧೂಳು. ದಿನಾ ಮಧ್ಯಾಹ್ನ ಅತ್ತೆ ರೊಟ್ಟಿ ಬುತ್ತಿ ತಗೊಂಡು ಗೇಟಿಗೆ ಹೋಗಬೇಕು. ಪ್ರತಿ ಕೆಲಸಗಾರರಿಗೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರು. ಒಳಗೆ ಹೋದವರು ತಮ್ಮ ಬಿಲ್ಲೆಯನ್ನು ಗೇಟಿನ ಹಲಗೆಗೆ ನೇತು ಹಾಕುತ್ತಿದ್ದರಂತೆ. ಗೇಟಿನ ಹಳೆಯ ಕಾವಲುಗಾರನಿಗೆ ಅತ್ತೆಯ ಮುಖ ಗುರುತಿತ್ತು, ಬುತ್ತಿ ಒಳಗೆ ಕಳಿಸುತ್ತಿದ್ದ. ಆ ದಿನ ಹೊಸಬ ಬಂದಿದ್ದ. "ನಿಮ್ಮಪ್ಪನ ಬಿಲ್ಲೆ ಯಾವುದು, ತೋರಿಸು" ಅಂದ. ನಾನೂರ ಹದಿನೇಳು ಎಂದು ಅತ್ತೆಗೆ ಬಾಯಿಗೆ ಬರುತ್ತಿತ್ತು. ಆದರೆ ಅದನ್ನು ಬರೆದರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಹೇಳಿದರೆ ಅವನು ನಂಬಲಿಲ್ಲ, ತೋರಿಸು ಅಂತಲೇ ಅಂದ. ಸಾಲು ಸಾಲು ಬಿಲ್ಲೆಗಳು. ಬೇರೆಯವರ ಬುತ್ತಿಯೆಲ್ಲ ಒಳಗೆ ಹೋದವು. ಮತ್ತೆ ಸೈರನ್ ಕೂಗುವವರೆಗೂ ಅತ್ತೆ ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಅಜ್ಜ ಆ ದಿನ ಉಪವಾಸ.

"ಬೈದ್ರಾ?" ಎಂದು ಕೇಳಿದೆ.

"ಇಲ್ಲವ್ವ. ಬಂದು ಕೈಕಾಲು ತೊಳಕಂಡ್ರು. ಒಲೆಯಿಂದ ಒಂದು ಇದ್ದಲಿ ತಗಂಡು ನೆಲದ ಮೇಲೆ ಬರೆದ್ರು. ನಾಕು, ಒಂದು, ಏಳು. ತಿದ್ದು ಅಂದ್ರು. ಕತ್ತಲಾಗೋ ತನಕ ತಿದ್ದಿದೆ. ಉಳಿದದ್ದೂ ಬರಕೊಡಪ್ಪ ಅಂದೆ. ಎರಡು, ಮೂರು, ಐದು ಎಲ್ಲ. ಅಪ್ಪ ಸುಮ್ಮನಾದ್ರು. ಅವರಿಗೂ ಬರ್ತಿದ್ದದ್ದು ಆ ಮೂರೇ."

ನಾನು ಮೊರ ಕೆಳಗಿಟ್ಟೆ. ಹತ್ತೊಂಬತ್ತು ವರ್ಷದಿಂದ ಗಣಿತ ಹೇಳುತ್ತಿದ್ದೇನೆ. ನಮ್ಮಜ್ಜನಿಗೆ ಬರೆಯಲು ಬರುತ್ತಿದ್ದದ್ದು ಮೂರು ಅಂಕಿ ಎನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮಪ್ಪನೂ ಇದನ್ನು ಹೇಳಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ. ಉಳಿದ ಅಂಕಿಗಳನ್ನು ಅತ್ತೆ ಪಕ್ಕದ ಮನೆಯ ಹುಡುಗನಿಂದ ಕಲಿತರಂತೆ, ಒಂದೊಂದು ಅಂಕಿಗೆ ಒಂದು ಹಿಡಿ ಹುರಿಗಡಲೆ ಕೊಟ್ಟು. ಕಲಿತದ್ದನ್ನು ಅಜ್ಜನಿಗೂ ಹೇಳಿಕೊಟ್ಟರಂತೆ.

ಪಡಸಾಲೆಯಿಂದ ಚಪ್ಪಾಳೆ ಕೇಳಿಸಿತು. ಯಾರೋ ಹತ್ತು ಅಂಕ ಮಾಡಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಬಿಲ್ಲೆಯ ವಿಷಯ ತಮ್ಮನಿಗೆ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ. "ಅತ್ತೆ, ನಂಗ್ಯಾಕೆ ಹೇಳಲಿಲ್ಲ?" ಅಂದ. ಅತ್ತೆ ಏನೂ ಅನ್ನಲಿಲ್ಲ, ಅವನ ತಟ್ಟೆಗೆ ಇನ್ನೊಂದು ಕರಿಗಡುಬು ಹಾಕಿದರು. ನಾನೂ ಏನೂ ಅನ್ನಲಿಲ್ಲ. ಅವನಿಗೆ ಅರ್ಥ ಆಗಿತ್ತು.

ಈಗ ಯುಗಾದಿ ಬರುತ್ತಿದೆ. ಹೋದ ವಾರ ಅವನಿಗೆ ಫೋನ್ ಮಾಡಿ ಒಂದು ಮಾತು ಕೇಳಿಕೊಂಡೆ. ಡಬ್ಬಿ ತಾ, ಬೇಡ ಅನ್ನಲ್ಲ. ಆಡುವ ಮಕ್ಕಳು ಮಹಡಿ ಮೇಲೆ ಆಡಲಿ. ಆಡದವರನ್ನು ಕರೆದು ಕರೆದು ಎಬ್ಬಿಸಬೇಡ. ಊಟ ಆದ ಮೇಲೆ ಪಡಸಾಲೆ ಮಾತ್ರ ಖಾಲಿ ಇರಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಬಿಲ್ಲೆ ಈಗ ಎಲ್ಲೈತಂತೆ ಅಕ್ಕ?" ಎಂದು ಕೇಳಿದ.

ಅದನ್ನು ನಾನೂ ಅವತ್ತೇ ಕೇಳಿದ್ದೆ. ಅಜ್ಜ ಮಿಲ್ಲು ಬಿಟ್ಟ ದಿನದ್ದೇ ಒಂದು ದೊಡ್ಡ ಕಥೆ, ನಿಧಾನಕ್ಕೆ ಹೇಳಬೇಕು ಅಂದಿದ್ದರು ಅತ್ತೆ. ಅಷ್ಟರಲ್ಲಿ ಒಗ್ಗರಣೆಗೆ ಹೊತ್ತಾಗಿತ್ತು. ಹಬ್ಬದ ಹಿಂದಿನ ದಿನ ಚಳ್ಳಕೆರೆಯಿಂದ ಬಸ್ಸಿಗೆ ಬರುತ್ತಾರೆ. ಸ್ಟ್ಯಾಂಡಿಗೆ ಕರೆತರಲು ತಮ್ಮ ತಾನೇ ಹೋಗುತ್ತಾನಂತೆ.